ಐದು ಮೀಟರ್ ದಾರದ ಮೇಲೆ ಇಟಲಿಯ ಯುದ್ಧ: ಹೈಸ್ಕೂಲ್ ಮೇಷ್ಟ್ರಿಗೊಂದು ಪಾಠೋಪಕರಣ

ಮೊದಲನೇ ಮಹಾಯುದ್ಧದ ಪಾಠದಲ್ಲಿ ಇಟಲಿಗೆ ಸಿಗುವುದು ಹೆಚ್ಚೆಂದರೆ ಒಂದು ಸಾಲು: 1915ರಲ್ಲಿ ಮಿತ್ರರಾಷ್ಟ್ರಗಳ ಕಡೆ ಸೇರಿತು. ಮಕ್ಕಳು ಅದನ್ನು ಉರು ಹೊಡೆಯುತ್ತಾರೆ. ಮುಂದೆ ಮುಸೊಲಿನಿಯ ಪಾಠ ಬಂದಾಗ, ಯುದ್ಧ ಗೆದ್ದ ದೇಶದಲ್ಲಿ ಇವನಿಗೆ ಜಾಗ ಹೇಗೆ ಸಿಕ್ಕಿತು ಎಂದರೆ ತರಗತಿ ಗಪ್‌ಚುಪ್. ಉತ್ತರದ ಬೇರು ಇರುವುದು ಇಟಲಿ ತಟಸ್ಥವಾಗಿದ್ದ ಹತ್ತು ತಿಂಗಳಲ್ಲಿ. ಅದನ್ನು ಗೋಡೆಯ ಮೇಲೆ ಅಳತೆಯಿಟ್ಟು ತೋರಿಸಬಹುದು. ಸಾಮಾನೆಲ್ಲ ದಾವಣಗೆರೆ, ಚಿತ್ರದುರ್ಗದ ಯಾವ ಸ್ಟೇಷನರಿ ಅಂಗಡಿಯಲ್ಲೂ ಸಿಗುತ್ತದೆ.

ಐದೂವರೆ ಮೀಟರ್ ನೈಲಾನ್ ದಾರ, 10 ಸೆಂ.ಮೀ. ಅಗಲದ ಒಂಬತ್ತು ಡ್ರಾಯಿಂಗ್ ಶೀಟ್ ಕಾರ್ಡು, ಒಂದು ಲಕೋಟೆ, ಎರಡು ಡಜನ್ ಬಟ್ಟೆ ಕ್ಲಿಪ್ಪು, ಹಸಿರು, ಕೆಂಪು, ಕಪ್ಪು ಟೇಪು, ಯುರೋಪಿನ ಒಂದು ಭೂಪಟ. ಹತ್ತಿಯ ದಾರ ಬೇಡ. ಕಾರ್ಡಿನ ಭಾರಕ್ಕೆ ನಡುವೆ ಜೋತು ಬಿದ್ದು ಅಳತೆ ಕೆಡುತ್ತದೆ. ನೈಲಾನಿಗೂ ಮೀಟರಿಗೊಂದು ಮೊಳೆ ಬೇಕು. ಕಾರ್ಡಿಗೆ ಮೇಲೆರಡು ಕ್ಲಿಪ್ಪು ಹಾಕಿ. ಆಷಾಢದಲ್ಲಿ ದುರ್ಗದ ಗಾಳಿಗೆ ಕಿಟಕಿ ತೆರೆದರೆ ಒಂದೇ ಕ್ಲಿಪ್ಪಿನ ಕಾರ್ಡು ಗಿರಗಿರನೆ ತಿರುಗುತ್ತದೆ.

ಅಳತೆ ಇಷ್ಟೇ: ಒಂದು ತಿಂಗಳಿಗೆ 5 ಸೆಂ.ಮೀ. 1914ರ ಆಗಸ್ಟ್ 1 ಸೊನ್ನೆ. ಹಸಿರು ಟೇಪು 0ಯಿಂದ 49ರವರೆಗೆ, ಅದು ತಟಸ್ಥ ಕಾಲ. ಕೆಂಪು 49ರಿಂದ 255ರವರೆಗೆ, ಯುದ್ಧ. ಕಪ್ಪು 255ರಿಂದ 495ರವರೆಗೆ, ಯುದ್ಧದ ನಂತರದ್ದು. ಕೆಂಪಿಗಿಂತ ಕಪ್ಪೇ ಉದ್ದ. ಇದನ್ನು ನೀವು ಹೇಳಲು ಹೋಗಬೇಡಿ, ಮಕ್ಕಳೇ ಸ್ಕೇಲಿಟ್ಟು ಕಂಡುಕೊಳ್ಳಲಿ.

ಮೊದಲ ಪೀರಿಯಡ್ ಪೂರ್ತಿ ಹಸಿರಿಗೇ ಕೊಡಿ. ಸೊನ್ನೆಯ ಕಾರ್ಡು: ಇಟಲಿಯ ತಟಸ್ಥ ಘೋಷಣೆ. 'ಇಟಲಿ ಮಾತು ತಪ್ಪಿತಲ್ಲವಾ ಸಾರ್?' ಎಂಬ ಪ್ರಶ್ನೆ ಇಲ್ಲಿ ಬಂದೇ ಬರುತ್ತದೆ. ಜರ್ಮನಿ, ಆಸ್ಟ್ರಿಯಾ-ಹಂಗೆರಿ ಜೊತೆ 1882ರಲ್ಲಿ ಆದ ತ್ರಿಮೈತ್ರಿ ರಕ್ಷಣೆಗೆಂದು ಮಾಡಿಕೊಂಡದ್ದು. ಸರ್ಬಿಯಾ ಮೇಲೆ ಆಸ್ಟ್ರಿಯಾ ತಾನಾಗಿಯೇ ಏರಿಹೋಯಿತು, ಇಟಲಿಯನ್ನು ಕೇಳಲೂ ಇಲ್ಲ. ಹಾಗಾಗಿ ಹೊರಗುಳಿಯುವುದಕ್ಕೆ ಒಪ್ಪಂದದ್ದೇ ಆಧಾರವಿತ್ತು. ಆಮೇಲೆ ನಡೆದದ್ದು ಎರಡೂ ಕಡೆ ಚೌಕಾಸಿ.

44ನೇ ಸೆಂ.ಮೀ.ಗೆ ಲಕೋಟೆ ತೂಗುಹಾಕಿ, ಬಾಯಿ ಅಂಟಿಸಿಯೇ ಇರಲಿ. ಇದು 1915ರ ಏಪ್ರಿಲ್ 26ರಂದು ಮಿತ್ರರಾಷ್ಟ್ರಗಳಾದ ಬ್ರಿಟನ್, ಫ್ರಾನ್ಸ್, ರಷ್ಯಾ ಇಟಲಿಯೊಡನೆ ಮಾಡಿಕೊಂಡ ಲಂಡನ್ ಒಪ್ಪಂದ, ಗುಟ್ಟಿನದು. ಒಳಗಿನ ಚೀಟಿಯಲ್ಲಿ ಬರೆಯಬೇಕಾದದ್ದು, ಗೆದ್ದರೆ ಇಟಲಿಗೆ ಕೊಡುತ್ತೇವೆಂದ ಆಸ್ಟ್ರಿಯಾ-ಹಂಗೆರಿಯ ಜಾಗಗಳು: ಟ್ರೆಂಟಿನೊ, ದಕ್ಷಿಣ ಟಿರೋಲ್, ಟ್ರಿಯೆಸ್ಟೆ, ಇಸ್ಟ್ರಿಯಾ, ಡಾಲ್ಮೇಶಿಯಾದ ಉತ್ತರ ಭಾಗ. ಷರತ್ತು: ಒಂದು ತಿಂಗಳೊಳಗೆ ಯುದ್ಧಕ್ಕಿಳಿಯಬೇಕು. ಇಟಲಿಗೆ ಕೊಡುವ ಈ ಪಟ್ಟಿಯಲ್ಲಿ ಫಿಯುಮೆ ಬಂದರು (ಇಂದಿನ ಕ್ರೊಯೇಶಿಯಾದ ರಿಯೆಕಾ) ಇಲ್ಲ. ತಪ್ಪಿಯೂ ಸೇರಿಸಬೇಡಿ, ಕೊನೆಯ ಪಾಠ ನಿಂತಿರುವುದೇ ಅದರ ಮೇಲೆ.

49ಕ್ಕೆ ಮೇ 23ರ ಕಾರ್ಡು: ಆಸ್ಟ್ರಿಯಾ-ಹಂಗೆರಿ ಮೇಲೆ ಯುದ್ಧ. ಲಕೋಟೆಗೂ ಇದಕ್ಕೂ ಐದೇ ಸೆಂ.ಮೀ. ಇರುವುದರಿಂದ ಒಂದರ ಮೇಲೊಂದು ಕೂರುತ್ತವೆ. ಲಕೋಟೆಯನ್ನು ದಾರದ ಮೇಲಕ್ಕೆ, ಕಾರ್ಡನ್ನು ಕೆಳಕ್ಕೆ ಬಿಡಿ. ಅಳತೆಯನ್ನು ಮಾತ್ರ ಸರಿಸಬೇಡಿ. ಆ ಇಕ್ಕಟ್ಟೇ ನಿಜ. ಮೇ ಮೊದಲ ವಾರದವರೆಗೆ ಇಟಲಿ ತ್ರಿಮೈತ್ರಿಯಿಂದ ಹೊರಬಂದಿರಲೇ ಇಲ್ಲ. ಸಂಸತ್ತಿಗೆ ಯುದ್ಧ ಬೇಕಿರಲಿಲ್ಲ. ಸುಮಾರು 300 ಸಂಸದರು ಯುದ್ಧ ಬೇಡವೆನ್ನುತ್ತಿದ್ದ ಮಾಜಿ ಪ್ರಧಾನಿ ಜೊಲಿಟ್ಟಿಯ ಮನೆಗೆ ಹೋಗಿ ಬೆಂಬಲದ ಗುರುತಾಗಿ ತಮ್ಮ ಹೆಸರಿನ ಕಾರ್ಡು ಬಿಟ್ಟುಬಂದರು. ಪ್ರಧಾನಿ ಸಲಾಂದ್ರ ರಾಜೀನಾಮೆ ಕೊಟ್ಟರೂ ರಾಜ ಒಪ್ಪಲಿಲ್ಲ.

ಕೆಂಪು ಭಾಗ ಬೇಗ ಮುಗಿಸಿ. 124ರಲ್ಲಿ ಜರ್ಮನಿ ಮೇಲೆ ಯುದ್ಧ ಘೋಷಣೆ, 1916ರ ಆಗಸ್ಟ್. ಎರಡೂ ದೇಶಗಳ ಮೇಲೆ ಒಂದೇ ದಿನ ಎಂದು ಬರೆಯುವವರು ಬಹಳ. ಇಸೊಂಜೊ ನದಿಯ ಹನ್ನೊಂದು ಕದನಗಳಾದರೂ ಟ್ರಿಯೆಸ್ಟೆ ಕೈಗೆ ಬರಲಿಲ್ಲ. 194, 1917ರ ಅಕ್ಟೋಬರ್ 24, ಕಪೊರೆಟ್ಟೊ ಸೋಲು. ಸೇನೆ ಪಿಯಾವೆ ನದಿಯವರೆಗೆ ಹಿಂದೆ ಸರಿಯಿತು. ದಾವಣಗೆರೆಯಿಂದ ಚಿತ್ರದುರ್ಗ ದಾಟಿ ಹಿರಿಯೂರು ಮುಟ್ಟುವಷ್ಟು ದೂರ ಎಂದರೆ ನಮ್ಮ ಮಕ್ಕಳಿಗೆ ತಟ್ಟನೆ ಅಂದಾಜು ಸಿಗುತ್ತದೆ.

199ಕ್ಕೆ ಬಂದಾಗ ಒಬ್ಬ ವಿದ್ಯಾರ್ಥಿನಿಯನ್ನು ಕರೆದು ಲಕೋಟೆ ಒಡೆಸಿ, ಚೀಟಿ ಗಟ್ಟಿಯಾಗಿ ಓದಿಸಿ. ಆ ನವೆಂಬರಿನಲ್ಲಿ ರಷ್ಯಾದ ಬೊಲ್ಶೆವಿಕರು ಗುಟ್ಟಿನ ಒಪ್ಪಂದಗಳನ್ನು ಪತ್ರಿಕೆಯಲ್ಲಿ ಹಾಕಿಬಿಟ್ಟರು. ಓದಿದ ಚೀಟಿಯನ್ನು ಬೋರ್ಡಿಗೆ ಅಂಟಿಸಿ, ಪಕ್ಕದಲ್ಲಿ ಖಾಲಿ ಕಾಲಂ ಬಿಡಿ.

255, 1918ರ ನವೆಂಬರ್ 4, ಕದನವಿರಾಮ. ಸತ್ತ ಸೈನಿಕರು ಸುಮಾರು 6 ಲಕ್ಷ. ಈಗ ಖಾಲಿ ಕಾಲಂ ತುಂಬಿಸಿ, ಪ್ರತಿ ಹೆಸರನ್ನೂ ಭೂಪಟದಲ್ಲಿ ತೋರಿಸುತ್ತ. ಟ್ರೆಂಟಿನೊ, ಟಿರೋಲ್, ಟ್ರಿಯೆಸ್ಟೆ, ಇಸ್ಟ್ರಿಯಾ ಸಿಕ್ಕವು. ಡಾಲ್ಮೇಶಿಯಾದ ಬಹುಭಾಗ ಸಿಗಲಿಲ್ಲ. ಅಮೆರಿಕದ ಅಧ್ಯಕ್ಷ ವಿಲ್ಸನ್ ಲಂಡನ್ ಒಪ್ಪಂದಕ್ಕೆ ಸಹಿ ಹಾಕಿದವರಲ್ಲ. ಗಡಿಯನ್ನು ಜನರ ಭಾಷೆ, ರಾಷ್ಟ್ರೀಯತೆ ನೋಡಿ ಎಳೆಯಬೇಕು ಎಂದರು. ಇಟಲಿಯವರು ಅದರ ಮೇಲೆ ಫಿಯುಮೆಯನ್ನೂ ಕೇಳಿದರು. 284ರಲ್ಲಿ ಪ್ರಧಾನಿ ಒರ್ಲಾಂಡೊ ಪ್ಯಾರಿಸ್ ಸಮ್ಮೇಳನ ಬಿಟ್ಟೆದ್ದು ಹೋದರು. 307, 1919ರ ಸೆಪ್ಟೆಂಬರ್ 12, ಕವಿ ದನ್ನುಂಜಿಯೊ ತನ್ನ ದಂಡಿನೊಂದಿಗೆ ಫಿಯುಮೆ ಹಿಡಿದ. ಸಿಕ್ಕಿದ್ದಕ್ಕಿಂತ ಸಿಗದ ಊರಿನ ಸಿಟ್ಟೇ ದೊಡ್ಡದಾಯಿತು. ನಿರುದ್ಯೋಗ, ಬೆಲೆಯೇರಿಕೆ, ಮುಷ್ಕರ ಅದಕ್ಕೆ ಕೂಡಿದವು. ಇವನ್ನು ಬಿಟ್ಟು ಫಿಯುಮೆಯೊಂದನ್ನೇ ಕಾರಣ ಮಾಡಿದರೆ ಉತ್ತರ ಅರ್ಧವೇ. 495, 1922ರ ಅಕ್ಟೋಬರ್, ಮುಸೊಲಿನಿ ಪ್ರಧಾನಿಯಾದ.

ಪಾಠ ಮುಗಿದ ಮೇಲೆ ದಾರವನ್ನು 495ರ ತುದಿಯಿಂದ ರಟ್ಟಿಗೆ ಸುತ್ತಿ. ಮುಂದಿನ ವರ್ಷ ಬಿಚ್ಚುವಾಗ ಸೊನ್ನೆ ಮೊದಲು ಕೈಗೆ ಬರುತ್ತದೆ. ಲಕೋಟೆ ಮಾತ್ರ ಹೊಸದು ಬೇಕು.