ಹಳೆಯ ಪುಸ್ತಕದ ಒಸಿಆರ್: ಫೋನಿನ ಹೊರೆಯನ್ನು ಸರ್ವರ್‌ಗೆ ವಹಿಸುವ ಬಗೆ

300 ಪುಟಗಳ ಹಳೆಯ ಕನ್ನಡ ಪುಸ್ತಕವೊಂದನ್ನು ಫೋನಿನಲ್ಲಿ ಸ್ಕ್ಯಾನ್ ಮಾಡಿ, ಅದರ ಪಠ್ಯವನ್ನು ಒಸಿಆರ್ (ಚಿತ್ರದಲ್ಲಿನ ಅಕ್ಷರಗಳನ್ನು ಗುರುತಿಸಿ ಪಠ್ಯವಾಗಿಸುವ ಕೆಲಸ) ಮಾಡುವ ಟೆಸರಾಕ್ಟ್ ತಂತ್ರಾಂಶದಿಂದ ಫೋನಿನಲ್ಲೇ ಹೊರತೆಗೆಯಲು ಹೊರಟರೆ, ಮೊದಲ ಕೆಲವು ಪುಟಗಳು ಚುರುಕಾಗಿ ಮುಗಿದು, ಆಮೇಲೆ ಬಿಸಿಯೇರಿದ ಪ್ರೊಸೆಸರ್ ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ. ಫ್ಯಾನ್ ಇಲ್ಲದ ಯಂತ್ರಕ್ಕೆ ಬೇರೆ ದಾರಿಯಿಲ್ಲ. ಇಂಥ ಕೆಲಸವನ್ನು ಬಾಡಿಗೆಯ ಲಿನಕ್ಸ್ ಸರ್ವರ್‌ಗೋ ಮನೆಯ ಡೆಸ್ಕ್‌ಟಾಪ್‌ಗೋ ವಹಿಸಬಹುದು.

ವಹಿಸುವ ಮೊದಲು ಲೆಕ್ಕ ಹಾಕಬೇಕು. ಸಾಗಿಸುವ ದತ್ತಾಂಶ ಕಡಿಮೆಯಿದ್ದು, ಅದರ ಮೇಲೆ ನಡೆಯುವ ಗಣನೆ ಹೆಚ್ಚಿದ್ದರೆ ಮಾತ್ರ ಲಾಭವುಂಟು. ಚಿತ್ರಗಳ ಗಾತ್ರ 300 ಎಂಬಿ, ಅಪ್‌ಲೋಡ್ ವೇಗ ಸೆಕೆಂಡಿಗೆ 10 ಮೆಗಾಬಿಟ್ ಎಂದುಕೊಂಡರೆ, 300ನ್ನು 8ರಿಂದ ಗುಣಿಸಿ 10ರಿಂದ ಭಾಗಿಸಿದಾಗ 240 ಸೆಕೆಂಡು, ಅಂದರೆ 4 ನಿಮಿಷ ಬರುತ್ತದೆ. ಫೋನಿನಲ್ಲಿ ಪುಟಕ್ಕೆ 15 ಸೆಕೆಂಡಿನಂತೆ ಹಿಡಿದರೂ 75 ನಿಮಿಷ ಬೇಕು. ಅದೇ 4 ಜಿಬಿಯ ವಿಡಿಯೊದ ತುದಿಯನ್ನಷ್ಟೇ ಕತ್ತರಿಸುವುದಿದ್ದರೆ ಕಳುಹಿಸುವುದಕ್ಕೇ 53 ನಿಮಿಷ ಹಿಡಿಯುತ್ತದೆ. ಅದನ್ನು ಫೋನಿನಲ್ಲೇ ಮುಗಿಸುವುದು ಜಾಣತನ. ಈ ಲೆಕ್ಕದಲ್ಲಿ ಡೌನ್‌ಲೋಡ್ ವೇಗವನ್ನು ಹಾಕಿ ಮೋಸಹೋಗಬೇಡಿ.

ಆಂಡ್ರಾಯ್ಡ್ ಫೋನಿನಲ್ಲಿ ಎಫ್-ಡ್ರಾಯ್ಡ್ ಎಂಬ ಆ್ಯಪ್ ಭಂಡಾರದ ಮೂಲಕ ಟರ್ಮಕ್ಸ್ (ಲಿನಕ್ಸ್ ಆದೇಶಗಳನ್ನು ನಡೆಸುವ ಟರ್ಮಿನಲ್ ಆ್ಯಪ್) ಸ್ಥಾಪಿಸಿ, ಅದರೊಳಗೆ ಓಪನ್‌ಎಸ್‌ಎಸ್‌ಎಚ್ (ದೂರದ ಕಂಪ್ಯೂಟರಿಗೆ ಸುರಕ್ಷಿತವಾಗಿ ಪ್ರವೇಶಿಸುವ ತಂತ್ರಾಂಶ) ಮತ್ತು ಆರ್‌ಸಿಂಕ್ (ಕಡತಗಳನ್ನು ಸಾಗಿಸುವ ತಂತ್ರಾಂಶ) ಪ್ಯಾಕೇಜುಗಳನ್ನು ಹಾಕಿಕೊಳ್ಳಿ. ಪಾಸ್‌ವರ್ಡಿನ ಬದಲು ಬಳಸುವ ಎಸ್‌ಎಸ್‌ಎಚ್ ಕೀಲಿಜೋಡಿಯನ್ನು (ಒಂದು ಖಾಸಗಿ, ಒಂದು ಸಾರ್ವಜನಿಕ) ಫೋನಿನಲ್ಲೇ ಸೃಷ್ಟಿಸಿ, ಸಾರ್ವಜನಿಕ ಕೀಲಿಯನ್ನು ಮಾತ್ರ ಸರ್ವರ್‌ಗೆ ಕೊಟ್ಟು, ಕೀಲಿಯಿಂದ ಪ್ರವೇಶ ಸಿಗುತ್ತಿದೆಯೆಂದು ಖಚಿತವಾದ ಮೇಲೆ ಪಾಸ್‌ವರ್ಡ್ ಪ್ರವೇಶವನ್ನು ಮುಚ್ಚಿಬಿಡಿ. ಈ ಕ್ರಮ ತಿರುವುಮುರುವಾದರೆ ನೀವೇ ಹೊರಗುಳಿಯುತ್ತೀರಿ.

ಚಿತ್ರಗಳನ್ನು ಆರ್‌ಸಿಂಕ್‌ನಿಂದಲೇ ಕಳುಹಿಸಿ. ನಡುವೆ ಸಂಪರ್ಕ ಕಡಿದರೆ, ಅದೇ ಆದೇಶವನ್ನು ಮತ್ತೆ ಕೊಟ್ಟಾಗ ಆಗಲೇ ತಲುಪಿದ ಪುಟಗಳನ್ನು ಅದು ಬಿಟ್ಟು ಮುಂದುವರಿಯುತ್ತದೆ. ಒಂದೊಂದೇ ಪುಟವನ್ನು ಆಗಾಗ ಕಳುಹಿಸುವ ಬದಲು ಒಟ್ಟಿಗೆ ಕಳುಹಿಸುವುದು ಮೇಲು, ಏಕೆಂದರೆ ಪ್ರತಿ ರವಾನೆಯ ನಂತರವೂ ಮೊಬೈಲ್ ರೇಡಿಯೊ ಕೆಲವು ಸೆಕೆಂಡು ಎಚ್ಚರವಾಗಿಯೇ ಇದ್ದು ಬ್ಯಾಟರಿಯನ್ನು ತಿನ್ನುತ್ತದೆ.

ಸರ್ವರ್‌ನಲ್ಲಿ ಟೆಸರಾಕ್ಟ್ ಜೊತೆಗೆ ಅದರ ಕನ್ನಡ ಭಾಷಾ ಕಡತವನ್ನೂ ಸ್ಥಾಪಿಸಬೇಕು. ಕೆಲಸವನ್ನು ಟಿಮಕ್ಸ್ (ಸಂಪರ್ಕ ಕಡಿದರೂ ಸರ್ವರ್‌ನಲ್ಲಿ ಕೆಲಸವನ್ನು ಜೀವಂತವಾಗಿಡುವ ತಂತ್ರಾಂಶ) ಅಧಿವೇಶನದೊಳಗೆ ಆರಂಭಿಸಿ. ಆಂಡ್ರಾಯ್ಡ್ ಟರ್ಮಕ್ಸನ್ನು ಮುಚ್ಚಿದರೂ, ನೀವು ಬಸ್ಸಿನಲ್ಲಿ ನೆಟ್‌ವರ್ಕ್ ಕಳೆದುಕೊಂಡರೂ, ಅಲ್ಲಿ ಕೆಲಸ ನಿಲ್ಲುವುದಿಲ್ಲ. ಪುಟಗಳು ಒಂದನ್ನೊಂದು ಅವಲಂಬಿಸಿಲ್ಲವಾದ್ದರಿಂದ, ಸರ್ವರ್‌ನಲ್ಲಿ ಎಷ್ಟು ಕೋರ್‌ಗಳು (ಪ್ರೊಸೆಸರ್‌ನ ಗಣನಾ ಘಟಕಗಳು) ಇವೆಯೋ ಅಷ್ಟು ಪುಟಗಳನ್ನು ಏಕಕಾಲಕ್ಕೆ ನಡೆಸಬಹುದು. ಆದರೆ ಟೆಸರಾಕ್ಟ್ ಪ್ರತಿ ಪುಟಕ್ಕೂ ತಾನಾಗಿಯೇ ಹಲವು ಥ್ರೆಡ್‌ಗಳನ್ನು (ಏಕಕಾಲಕ್ಕೆ ಓಡುವ ಉಪಕೆಲಸಗಳನ್ನು) ತೆರೆಯುವುದರಿಂದ ಅವು ಕೋರ್‌ಗಳಿಗಾಗಿ ಪರಸ್ಪರ ಕಿತ್ತಾಡತೊಡಗುತ್ತವೆ. ಮೊದಲೇ ಒಎಂಪಿ ಥ್ರೆಡ್ ಮಿತಿಯನ್ನು (OMP_THREAD_LIMIT ಎಂಬ ಸೆಟ್ಟಿಂಗ್) 1ಕ್ಕೆ ಇಳಿಸಿಡಿ.

ಫಲಿತಾಂಶ ತರುವುದು ಹಗುರ. ಅಕ್ಷರಗಳನ್ನು ಕಂಪ್ಯೂಟರಿನಲ್ಲಿ ಉಳಿಸುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಸಂಕೇತವೂ 3 ಬೈಟ್ ತೆಗೆದುಕೊಂಡರೂ ಇಡೀ ಪುಸ್ತಕದ ಪಠ್ಯ ಕೆಲವೇ ಎಂಬಿಗಳಷ್ಟಿರುತ್ತದೆ. ಪಠ್ಯ ಫೋನಿಗೆ ಬಂದ ಮೇಲೆ, ಬಾಡಿಗೆಯ ಸರ್ವರ್ ಆಗಿದ್ದರೆ ಆ ಸರ್ವರನ್ನೇ ಅಳಿಸಿಹಾಕಿ; ಬರಿದೆ ಆಫ್ ಮಾಡಿಟ್ಟರೆ ಹಲವು ಕಡೆ ಬಿಲ್ ಏರುತ್ತಲೇ ಇರುತ್ತದೆ.