ಖಾಸಗಿ ಲ್ಯಾಬಿನ ಜ್ವರದ ಲೆಕ್ಕ ಪಂಚಾಯತಿಗೆ ತರುವುದು ಹೇಗೆ?

ಕೇರಳದ ಕಾಸರಗೋಡು ಜಿಲ್ಲೆಯ ಮಂಜೇಶ್ವರ, ಕುಂಬಳೆ ಕಡೆಯವರಿಗೆ ಜ್ವರ ಬಂದರೆ ಮೊದಲು ಪೇಟೆಯ ಕ್ಲಿನಿಕ್, ಜೋರಾದರೆ ತಲಪಾಡಿ ಗಡಿ ದಾಟಿ ಮಂಗಳೂರು. ಹೀಗಿರುವಾಗ ಸರಕಾರಿ ಕುಟುಂಬ ಆರೋಗ್ಯ ಕೇಂದ್ರದ ರಿಜಿಸ್ಟರ್ ಒಂದನ್ನೇ ನೋಡಿ ಫಾಗಿಂಗ್ ಎಲ್ಲಿ ಎಂದು ತೀರ್ಮಾನಿಸಿದರೆ ಹೊಗೆ ಒಂದು ಕಡೆ, ಸೊಳ್ಳೆ ಇನ್ನೊಂದು ಕಡೆ.

ಮೊದಲು ಒಂದೇ ಪ್ರಶ್ನೆ ಇಟ್ಟುಕೊಳ್ಳಿ: ಈ ವಾರ ಡೆಂಗ್ಯೂ ಯಾವ ವಾರ್ಡಿನಲ್ಲಿ? ಬಿಪಿ, ಸಕ್ಕರೆ ಕಾಯಿಲೆ, ಹೆರಿಗೆ ಎಲ್ಲವನ್ನೂ ಒಂದೇ ಫಾರಮಿಗೆ ತುರುಕಿದರೆ ತುಂಬುವವರೇ ಇರುವುದಿಲ್ಲ.

ಪಂಚಾಯತಿನ ಲೈಸೆನ್ಸ್ ಪುಸ್ತಕ ನೋಡಿ ಲ್ಯಾಬು, ಕ್ಲಿನಿಕ್‌ಗಳ ಪಟ್ಟಿ ಮಾಡಿ. ಡಾಕ್ಟರರಿಗಿಂತ ಮೊದಲು ಲ್ಯಾಬಿಗೆ ಹೋಗಿ. ಅಲ್ಲಿ ಪರೀಕ್ಷೆಯ ಪುಸ್ತಕ ಇದ್ದೇ ಇರುತ್ತದೆ. ಮೆಡಿಕಲ್ ಶಾಪಿನ ಪ್ಯಾರಸಿಟಮಾಲ್ ಮಾರಾಟ ನೋಡಿದರೆ ಸಾಕೆನ್ನುವವರಿದ್ದಾರೆ. ಸಾಲದು. ತಲೆನೋವಿಗೂ ಅದೇ ಮಾತ್ರೆ.

ಕೇಳಬೇಕಾದ್ದು ಆರೇ ಸಂಗತಿ: ಜ್ವರ ಶುರುವಾದ ದಿನ, ಪ್ರಾಯ, ಗಂಡೋ ಹೆಣ್ಣೋ, ವಾರ್ಡ್, ಪರೀಕ್ಷೆ, ಫಲಿತಾಂಶ. ಹೆಸರು, ಫೋನ್, ಆಧಾರ್ ಬೇಡವೇ ಬೇಡ. ರೋಗಗಳ ಮಾಹಿತಿ ಸೇರಿಸುವ ಕೇಂದ್ರ ಸರಕಾರದ ಐಎಚ್‌ಐಪಿ ಪೋರ್ಟಲಿಗೆ ಲ್ಯಾಬು ಕೊಡುವ ‘ಎಲ್’ ಫಾರಂ ಬೇರೆ. ಇದು ಅದರ ಬದಲಿಗಲ್ಲ.

ಎಲ್ಲರೂ ಎಡವುವುದು ವಾರ್ಡಿನ ಕಾಲಮಿನಲ್ಲಿ. ರೋಗಿ ಹೇಳುವುದು ಪೋಸ್ಟಾಫೀಸಿನ ಹೆಸರು. ಒಂದು ಪೋಸ್ಟಾಫೀಸಿಗೆ ಹಲವು ವಾರ್ಡು, ಕೆಲವೆಡೆ ಎರಡು ಪಂಚಾಯತು. ಮೇಲೆ ಕುಂಬಳೆ, ಕುಂಬಳ, ಕುಂಬ್ಳ ಎಂದು ಒಬ್ಬೊಬ್ಬರು ಒಂದೊಂದು ಥರ ಟೈಪ್ ಮಾಡಿದರೆ ಕಂಪ್ಯೂಟರಿಗೆ ಅವು ಮೂರು ಊರು. ವಾರ್ಡ್ ನಂಬರನ್ನು ರೋಗಿಯ ಹತ್ತಿರ ಕೇಳಲೂಬೇಡಿ: 2025ರ ಪಂಚಾಯತು ಚುನಾವಣೆಗೆ ಮುಂಚೆ ವಾರ್ಡುಗಳ ಮರುವಿಂಗಡಣೆಯಾಗಿದೆ, ಹಳೆಯ ಕಾಗದಗಳಲ್ಲಿರುವ ನಂಬರ್ ನಂಬುವಂತಿಲ್ಲ. “ಮನೆ ಹತ್ತಿರದ ಶಾಲೆ ಯಾವುದು?” ಎಂದು ಕೇಳಿಸಿ. ಪ್ರತಿ ವಾರ್ಡಿನ ಶಾಲೆ, ದೈವಸ್ಥಾನ, ಮಸೀದಿ, ಬಸ್ ಸ್ಟಾಪುಗಳನ್ನು ಕನ್ನಡ-ಮಲಯಾಳ ಎರಡರಲ್ಲೂ ಅಚ್ಚು ಹಾಕಿದ ಕಾರ್ಡೊಂದನ್ನು ಲ್ಯಾಬಿನ ಕೌಂಟರಿಗೆ ಅಂಟಿಸಿ. ಆಗಲೂ ತಿಳಿಯದಿದ್ದರೆ ‘ಗೊತ್ತಿಲ್ಲ’ ಎಂದೇ ಬರೆಯಲಿ. ಅಂದಾಜಿಗೆ ಪೇಟೆ ವಾರ್ಡಿಗೆ ಸೇರಿಸಿದರೆ ಫಾಗಿಂಗ್ ಯಂತ್ರ ಪೇಟೆಗೆ ಹೋಗುತ್ತದೆ, ಸೊಳ್ಳೆಮರಿ ಮಾತ್ರ ಕಂಗಿನ (ಅಡಿಕೆ) ತೋಟದಲ್ಲಿ ಬಿದ್ದ ಹಾಳೆಯ ನೀರಿನಲ್ಲೇ ಉಳಿಯುತ್ತದೆ.

ಎಕ್ಸೆಲ್ ಸಾಕು. ಬಣ್ಣಬಣ್ಣದ ಡ್ಯಾಶ್‌ಬೋರ್ಡ್ ಮಾರಲು ಬರುವವರಿಗೆ ಚಾ ಕೊಟ್ಟು ಕಳಿಸಿ. ಆದರೆ ಕಾಲಮನ್ನು ಮೊದಲೇ ‘ಟೆಕ್ಸ್ಟ್’ ಮಾಡಿಡಿ. ಇಲ್ಲವಾದರೆ 4/12 ಎಂದು ಬರೆದದ್ದು ತಾನಾಗಿಯೇ ತಾರೀಕಾಗಿಬಿಡುತ್ತದೆ. ಹಳೆಯ ಫಾಂಟು ಬೇಡ, ಯೂನಿಕೋಡಿನಲ್ಲೇ ಟೈಪ್ ಮಾಡಿ.

ಇನ್ನು ಎರಡೆರಡು ಸಲದ ಲೆಕ್ಕ. ಊರಿನ ಲ್ಯಾಬಿನಲ್ಲಿ ಎನ್‌ಎಸ್‌1 (ಡೆಂಗ್ಯೂ ವೈರಸ್ಸಿನ ಪ್ರೋಟೀನು) ಕಾರ್ಡ್ ಟೆಸ್ಟ್ ಮಾಡಿಸಿದವರೇ ಮಂಗಳೂರಿನಲ್ಲಿ ಎಲೈಸಾ (ಹೆಚ್ಚು ನಿಖರವಾದ ಲ್ಯಾಬ್ ಪರೀಕ್ಷೆ) ಮಾಡಿಸುತ್ತಾರೆ. ಜ್ವರದ ದಿನ, ಪ್ರಾಯ, ಲಿಂಗ, ವಾರ್ಡ್ ನಾಲ್ಕೂ ಒಂದೇ ಇದ್ದರೆ ಒಬ್ಬರೆಂದೇ ಎಣಿಸಿ. ಡೆಂಗ್ಯೂ ಖಚಿತ ಎನ್ನಲು ಎಲೈಸಾ ಬೇಕು, ಕಾರ್ಡಿನ ಫಲಿತಾಂಶಕ್ಕೆ ಬೇರೆ ಕಾಲಂ ಇರಲಿ. ಎನ್‌ಎಸ್‌1 ಹಿಡಿಯುವುದು ಸುಮಾರು ಮೊದಲ 5 ದಿನ, ಆಮೇಲೆ ಐಜಿಎಂ ಎಂಬ ಪ್ರತಿಕಾಯ ನೋಡಬೇಕು.

ನೆಗೆಟಿವ್ ಲೆಕ್ಕವೂ ಬೇಕು. ಒಂದು ವಾರ್ಡಿನಲ್ಲಿ 40 ಪರೀಕ್ಷೆಗೆ 8 ಪಾಸಿಟಿವ್ ಅಂದರೆ ಶೇ. 20, ಇನ್ನೊಂದರಲ್ಲಿ 10ಕ್ಕೆ 4 ಅಂದರೆ ಶೇ. 40. ಮೊದಲು ಓಡಬೇಕಾದ್ದು ಆ ಇನ್ನೊಂದು ವಾರ್ಡಿಗೆ. ಖಾಲಿ ಬಿಟ್ಟದ್ದು ಸೊನ್ನೆಯಲ್ಲ. ಕೇಸು ಇಲ್ಲದ ವಾರವೂ ಲ್ಯಾಬು 0 ಎಂದೇ ಬರೆದು ಕೊಡಲಿ.

ಮಂಗಳೂರಿನ ಆಸ್ಪತ್ರೆಗಳಿಗೆ ಪಂಚಾಯತಿನವರೇ ಫೋನ್ ಮಾಡಿ ಪ್ರಯೋಜನವಿಲ್ಲ. ಮೆಡಿಕಲ್ ಆಫೀಸರರ ಮೂಲಕ ಕಾಸರಗೋಡಿನ ಜಿಲ್ಲಾ ರೋಗ ಸರ್ವೇಕ್ಷಣಾ ಘಟಕಕ್ಕೆ ಬರೆಯಿಸಿ, ಅವರು ದಕ್ಷಿಣ ಕನ್ನಡದವರಿಂದ 671ರಿಂದ ಶುರುವಾಗುವ ಪಿನ್‌ಕೋಡಿನ ಕೇಸುಗಳನ್ನು ಕೇಳಲಿ. ಮಂಗಳೂರಿನ ನೆಂಟರ ಮನೆಯ, 575ರಿಂದ ಶುರುವಾಗುವ ಪಿನ್‌ಕೋಡಿನ ವಿಳಾಸ ಕೊಟ್ಟವರು ಇದರಲ್ಲಿ ತಪ್ಪಿಹೋಗುತ್ತಾರೆ, ಅದಕ್ಕೆ ಆಶಾ ಕಾರ್ಯಕರ್ತೆಯನ್ನೇ ಕೇಳಬೇಕು.

ಪ್ರತಿ ಸೋಮವಾರ ಒಂದು ಹಾಳೆಯಷ್ಟು ವರದಿ ಲ್ಯಾಬುಗಳಿಗೆ ವಾಪಸು ಹೋಗಲಿ. 5ಕ್ಕಿಂತ ಕಡಿಮೆ ಕೇಸಿರುವ ವಾರ್ಡನ್ನು ವಾಟ್ಸಾಪಿಗೆ ಹಾಕಬೇಡಿ. ಯಾರ ಮನೆ ಎಂದು ಊರಿಗೆಲ್ಲ ತಿಳಿಯುತ್ತದೆ, ಮುಂದಿನ ವಾರ ಲ್ಯಾಬಿನಿಂದ ಏನೂ ಬರುವುದಿಲ್ಲ. ಹಾಳೆಯ ಕೆಳಗೆ, ಲೆಕ್ಕ ಕೊಡದ ಲ್ಯಾಬುಗಳು ಎಷ್ಟು ಎಂದೂ ಬರೆಯಿರಿ, ಹೆಸರು ಮಾತ್ರ ಬೇಡ.