ಗಂಡು ಗೂಡು, ಹೆಣ್ಣು ಗೂಡು: ನಮ್ಮ ಜಗಲಿಯ ಕಣಜಗಳು

ನಾನು ಕೀಟಶಾಸ್ತ್ರ ಓದಿದವನು, ಹೊಟ್ಟೆಪಾಡು ಮೆಕ್ಕೆಜೋಳದ ಹುಳುಗಳ ಜೊತೆ. ಫಾಲ್ ಸೈನಿಕ ಹುಳು ಭಾರತದಲ್ಲಿ ಮೊದಲು ಕಣ್ಣಿಗೆ ಬಿದ್ದದ್ದು 2018ರ ಮೇ ತಿಂಗಳಲ್ಲಿ, ನಮ್ಮ ಶಿವಮೊಗ್ಗ ಕಡೆಯ ಹೊಲಗಳಲ್ಲೇ. ಅಲ್ಲಿಂದ ಇಲ್ಲಿಯವರೆಗೆ ಸುಳಿ ಬಿಡಿಸಿ ನೋಡುವುದೇ ಕೆಲಸ. ತಲೆಯ ಮೇಲೆ ತಲೆಕೆಳಗಾದ ವೈ ಗುರುತು, ಬಾಲದ ಹತ್ತಿರ ಚೌಕವಾಗಿ ನಾಲ್ಕು ಕಪ್ಪು ಚುಕ್ಕೆ, ಅದೇ ಅದು. ಆದರೆ ಈಗ ಹೇಳಹೊರಟಿರುವುದು ಹೊಲದ ಮಾತಲ್ಲ, ಮನೆಯ ಜಗಲಿಯದು.

ಒಂದು ಯುಗಾದಿಯ ಮುಂಚೆ ಸುಣ್ಣ ಹೊಡೆಯಲು ಬಂದವನು ಜಗಲಿ ಗೋಡೆಯ ಮೇಲೆ ಕಣಜಗಳು ಕಟ್ಟಿದ ಮಣ್ಣಿನ ಗೂಡುಗಳನ್ನು ಕೆರೆಯಲು ಹೋದ. ಪಕ್ಕದ ಮನೆಯ ಅಜ್ಜಿ ಬೇಲಿ ಆಚೆಯಿಂದಲೇ ಕೂಗಿದರು. "ಏಯ್, ಮುಟ್ಟಬೇಡ್ವೋ ಅದನ್ನ, ಬಸುರಿ ಇರೋ ಜಾಗ!" ಇಂಥ ಗೂಡು ಕಟ್ಟಿದ ಮನೆಯಲ್ಲಿ ಬಸುರಿ ಇರುತ್ತಾಳೆ ಅನ್ನುವುದು ಅವರ ನಂಬಿಕೆ. ನಮ್ಮ ಮನೆಯಲ್ಲಿ ಬಸುರಿಯರು ಯಾರೂ ಇರಲಿಲ್ಲ. ಹಾಗೆಂದೆ. "ಇಲ್ಲದಿದ್ರೆ ಆಗ್ತಾರೆ, ಅಥವಾ ಪಕ್ಕದಲ್ಲಿ ಯಾರೋ ಆಗಿರ್ತಾರೆ, ಹುಳಕ್ಕೆ ನಿಮ್ಮ ಮನೆ ನಂಬರ್ ಗೊತ್ತಾ?" ಅಂದರು. ಆಮೇಲೆ ಹತ್ತಿರ ಬಂದು ಕನ್ನಡಕ ಏರಿಸಿ ನೋಡಿ ತೀರ್ಪು ಕೊಟ್ಟರು. ಉದ್ದಕ್ಕೆ ಇರೋದು ಗಂಡು ಗೂಡು, ಮಡಿಕೆ ಥರ ದುಂಡಗಿರೋದು ಹೆಣ್ಣು ಗೂಡು. ಮಗು ಅದರಂತೆ.

ನಾನು ಆಗ ನಕ್ಕೆ. ನಗಬಾರದಿತ್ತು. ಯಾಕೆಂದರೆ ಅಜ್ಜಿ ಬೇರೆ ಮಾಡಿ ತೋರಿಸಿದ್ದು ಎರಡು ಬೇರೆ ಬೇರೆ ಕಣಜಗಳನ್ನು. ಉದ್ದನೆಯ ಕೋಣೆಗಳನ್ನು ಪಕ್ಕಪಕ್ಕ ಕಟ್ಟಿ ಮೇಲೆ ಮಣ್ಣು ಮೆತ್ತಿಬಿಡುವುದು ಸೆಲಿಫ್ರಾನ್, ಸೊಂಟ ದಾರದಷ್ಟು ಸಣ್ಣ, ಕಪ್ಪು ಹಳದಿ. ಕುತ್ತಿಗೆ ಇರುವ ಪುಟ್ಟ ಮಡಿಕೆ ಕಟ್ಟುವುದು ಡೆಲ್ಟಾ ಅನ್ನುವ ಕುಂಬಾರ ಕಣಜ. ಗೂಡಿನ ಆಕಾರ ನೋಡಿಯೇ ಇವನ್ನು ಬೇರೆ ಮಾಡಬಹುದು ಅಂತ ನಾನು ಪುಸ್ತಕದಿಂದ ಕಲಿತಿದ್ದೆ, ಅವರು ಗೋಡೆ ನೋಡಿ ಕಲಿತಿದ್ದರು.

ಅವತ್ತು ಸುಣ್ಣದವನಿಗೆ ಆ ಗೋಡೆ ಬಿಟ್ಟು ಉಳಿದದ್ದು ಹೊಡಿ ಅಂದೆ. ಮನೆಯವಳು ಎರಡು ದಿನ ಮಾತಾಡಲಿಲ್ಲ.

ನೋಡುವ ಕೆಲಸಕ್ಕೆ ದೊಡ್ಡ ಸಾಮಾನು ಏನೂ ಬೇಡ. ಒಂದು ನೋಟ್‌ಬುಕ್, ಒಂದು ಪೆನ್ಸಿಲ್, ಫೋನಿನ ಟಾರ್ಚ್. ಕೋಣೆ ಮುಚ್ಚಿದ ದಿನ ಅದರ ಪಕ್ಕ ಗೋಡೆಯ ಮೇಲೇ ತಾರೀಕು ಬರೆಯುತ್ತಿದ್ದೆ. ಮೊದಲ ವರ್ಷ ಬುದ್ಧಿವಂತಿಕೆ ತೋರಿಸಲು ಹೋಗಿ ಕಣಜದ ಬೆನ್ನಿಗೆ ನೇಲ್ ಪಾಲಿಶ್ ಚುಕ್ಕೆ ಇಟ್ಟೆ. ಅದು ಅರ್ಧ ಕಟ್ಟಿದ ಗೂಡು ಬಿಟ್ಟು ಹೋದದ್ದು ತಿರುಗಿ ಬರಲೇ ಇಲ್ಲ. ಇನ್ನೊಂದು ಗೂಡನ್ನು ಚಾಕುವಿನಿಂದ ಎಬ್ಬಿಸಿ ಒಳಗೆ ನೋಡಿ ಮೇಜಿನ ಮೇಲಿಟ್ಟು ಊಟಕ್ಕೆ ಹೋದೆ, ಬರುವಷ್ಟರಲ್ಲಿ ಇರುವೆ ಎಲ್ಲ ಖಾಲಿ ಮಾಡಿದ್ದವು. ಮಣ್ಣು ಯಾಕೆ ಅಷ್ಟು ದಪ್ಪ ಮೆತ್ತುತ್ತದೆ ಅನ್ನುವ ಪ್ರಶ್ನೆಗೆ ಉತ್ತರ ಸಿಕ್ಕಿತು ಬಿಡಿ.

ಒಂದು ಬೆಳಿಗ್ಗೆ ಕುರ್ಚಿ ಹಾಕಿಕೊಂಡು ಕೂತು ಎಣಿಸಿದೆ. ಒಂದೇ ಕೋಣೆಗೆ ಕಣಜ 26 ಸಲ ಮಣ್ಣು ತಂದಿತು. ಎಲ್ಲಿಂದ? ಅಜ್ಜಿಯ ಬಟ್ಟೆ ಒಗೆಯುವ ಕಲ್ಲಿನ ಬುಡದಿಂದ. ಮಣ್ಣು ಕೀಳುವಾಗ, ಮೆತ್ತುವಾಗ ಝುಂಯ್ ಅಂತ ಸಣ್ಣ ಸದ್ದು ಮಾಡುತ್ತದೆ, ಮೈ ನಡುಗಿಸಿ ಮಣ್ಣನ್ನು ಹದ ಮಾಡುವುದು ಹಾಗೆ. ಬೀದಿಯ ಮಕ್ಕಳಿಗೆ ಹೇಳಿದೆ, ಅವರು ಎರಡು ತಟ್ಟೆ ಇಟ್ಟರು, ಒಂದರಲ್ಲಿ ಕೆಮ್ಮಣ್ಣು, ಇನ್ನೊಂದರಲ್ಲಿ ಕೆರೆಯ ಕಪ್ಪು ಜೇಡಿಮಣ್ಣು, ಎರಡಕ್ಕೂ ನೀರು. ಮೂರನೇ ದಿನ ಗೋಡೆಯ ಮೇಲೆ ಕೆಂಪು ಕಪ್ಪು ಪಟ್ಟೆಪಟ್ಟೆ ಗೂಡು! ಎರಡು ಕಡೆಯಿಂದಲೂ ತಂದಿತ್ತು. ಮಕ್ಕಳು ಶಾಲೆಗೆ ಲೇಟಾಗಿ ಹೋದರು, ನಾನೂ ಆಫೀಸಿಗೆ.

ಒಳಗಿನ ಕಥೆ ಇನ್ನೂ ಚೆನ್ನ. ಉದ್ದನೆ ಗೂಡಿನ ಕಣಜ ಜೇಡಗಳನ್ನು ಮಾತ್ರ ಹಿಡಿಯುತ್ತದೆ. ಮೊದಲ ಜೇಡ ಇಟ್ಟು ಅದರ ಮೇಲೆ ಮೊಟ್ಟೆ ಅಂಟಿಸಿ, ಆಮೇಲೆ ಕೋಣೆ ತುಂಬಿಸುತ್ತದೆ. ನಾನು ಬಿಚ್ಚಿದ ಒಂದರಲ್ಲಿ 11 ಜೇಡ ಇದ್ದವು, ನೆಗೆಯುವ ಜೇಡ, ಏಡಿ ಜೇಡ, ಬಲೆ ಹೆಣೆಯುವವು, ಎಲ್ಲ ಸೇರಿ. ಒಂದರ ಕಾಲು ಇನ್ನೂ ಅದುರುತ್ತಿತ್ತು. ಕಣಜ ಚುಚ್ಚುವುದು ಕೊಲ್ಲುವುದಕ್ಕಲ್ಲ, ಕೈಕಾಲು ಆಡದ ಹಾಗೆ ಮಾಡುವುದಕ್ಕೆ. ಸತ್ತಿದ್ದರೆ ನಮ್ಮ ಬೇಸಿಗೆಗೆ ಮರಿ ಮೊಟ್ಟೆಯೊಡೆಯುವ ಮೊದಲೇ ಕೊಳೆಯುತ್ತಿತ್ತು. ಕನ್ನಡದಲ್ಲಿ ಈ ಹುಳಕ್ಕೂ ಕಣಜ ಅನ್ನುತ್ತೇವೆ, ಕಾಳು ತುಂಬಿಡುವುದಕ್ಕೂ ಕಣಜ ಅನ್ನುತ್ತೇವೆ. ಎರಡೂ ಒಂದೇ ಮೂಲದ ಮಾತು ಅಂತ ನಾನು ಹೇಳುತ್ತಿಲ್ಲ, ಆದರೆ ಒಳಗೆ ಇಣುಕಿದ ಮೇಲೆ ನಗು ಬಂತು.

ಮಡಿಕೆ ಗೂಡಿನದು ಬೇರೆ ಪದ್ಧತಿ. ಖಾಲಿ ಮಡಿಕೆಯ ಒಳಗೆ ಮೊದಲು ಮೊಟ್ಟೆಯನ್ನು ಸಣ್ಣ ಎಳೆಯಿಂದ ತೂಗು ಹಾಕಿ, ಆಮೇಲೆ ಪತಂಗಗಳ ಹಸಿರು ಮರಿಹುಳಗಳನ್ನು ತಂದು ತುರುಕುತ್ತದೆ. ಸೈನಿಕ ಹುಳು ಸಿಗಬಹುದು ಅನ್ನುವ ಆಸೆಯಿಂದ ಮೂರು ಮಡಿಕೆ ಒಡೆದೆ. ಮೂರರಲ್ಲೂ ಬೆನ್ನು ಬಾಗಿಸಿ ನಡೆಯುವ ಕೊಂಡಲಿ ಹುಳುಗಳೇ. ಸುಮ್ನೆ ಮೂರು ಮನೆ ಹಾಳು ಮಾಡಿದೆ ಅನ್ನಿಸಿತು, ಅಲ್ಲಿಗೆ ಒಡೆಯುವುದು ನಿಲ್ಲಿಸಿ ಮುಚ್ಚಿದ ಗೂಡಿನ ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಮುಚ್ಚಳ ಟೇಪಿನಿಂದ ಅಂಟಿಸಿ ಕಾಯತೊಡಗಿದೆ. ದಿನಾ ಬೆಳಿಗ್ಗೆ, ಸಂಜೆ ನೋಡಲೇಬೇಕು. ಇಲ್ಲದಿದ್ದರೆ ಹೊರಬಂದದ್ದು ಬಿಸಿಗೆ ಸಾಯುತ್ತದೆ, ನನ್ನ ಕೈಲೂ ಒಂದು ಸತ್ತಿದೆ.

ಹುಳು ಕುಂಡಲಿಗನಾದಂತೆ ಅಂತ ಹಳೇ ಮಾತಿದೆಯಲ್ಲ, ಕಣಜ ಒಂದು ಹುಳ ತಂದು ಗೂಡಲ್ಲಿಟ್ಟು ಗುಂಯ್‌ಗುಟ್ಟುತ್ತಾ ಇದ್ದರೆ ಆ ಹುಳವೇ ಕಣಜವಾಗುತ್ತದೆ ಅಂತ. ಹೊರಗೆ ನಿಂತು ನೋಡಿದವರಿಗೆ ಕಾಣುವುದು ಅಷ್ಟೇ ಅಲ್ವಾ? ಒಳಗೆ ಹೋದದ್ದು ಹಸಿರು ಹುಳ, ಹೊರಗೆ ಬಂದದ್ದು ಕಣಜ, ನಡುವೆ ಗುಂಯ್ ಸದ್ದು. ನೋಡಿದ್ದು ಸರಿ, ಮೊಟ್ಟೆ ಮಾತ್ರ ಕಣ್ಣು ತಪ್ಪಿಸಿತು. ಅದನ್ನು ಅಜ್ಜಿಗೆ ಹೇಳಿದ ವಾರವೇ ನನ್ನ ಮುಚ್ಚಳವೊಂದರಲ್ಲಿ ನವಿಲು ಬಣ್ಣದಲ್ಲಿ ಹೊಳೆಯುವ ಹುಳವೊಂದು ಕೂತಿತ್ತು. ಅಜ್ಜಿ ನನ್ನ ಮುಖ ನೋಡಿದರು. "ಇದು ಯಾರ ಮೊಟ್ಟೆ?" ಅದು ಸ್ಟಿಲ್ಬಮ್, ಕೋಗಿಲೆಯ ಬುದ್ಧಿಯ ಕಣಜ, ಬೇರೆಯವರ ಮಣ್ಣಿನ ಗೂಡಲ್ಲಿ ತನ್ನ ಮೊಟ್ಟೆ ಸೇರಿಸಿ ಹೋಗುತ್ತದೆ, ಮುಟ್ಟಿದರೆ ಚೆಂಡಿನ ಹಾಗೆ ಸುತ್ತಿಕೊಳ್ಳುತ್ತದೆ. ಮುಟ್ಟಿ ತೋರಿಸಿದೆ. ಅಜ್ಜಿಗೆ ಅದು ಇಷ್ಟವಾಗಲಿಲ್ಲ. "ಕಳ್ಳಿ" ಅಂದರು.

ಗಂಡು ಹೆಣ್ಣಿನ ವಿಷಯವನ್ನೂ ಒಂದು ದಿನ ಬಿಡಿಸಿ ಹೇಳಿದೆ. ತಾಯಿ ಕಣಜ ಗಂಡಿನಿಂದ ಪಡೆದ ವೀರ್ಯವನ್ನು ಹೊಟ್ಟೆಯಲ್ಲಿ ಕೂಡಿಟ್ಟುಕೊಂಡಿರುತ್ತದೆ. ಅದನ್ನು ಸೇರಿಸಿ ಇಟ್ಟ ಮೊಟ್ಟೆ ಹೆಣ್ಣಾಗುತ್ತದೆ, ಸೇರಿಸದೆ ಇಟ್ಟದ್ದು ಗಂಡು. ಜೇನು, ಇರುವೆಯಲ್ಲೂ ಹೀಗೇ. ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಹಂಗಾದ್ರೆ ಗಂಡಿಗೆ ಅಪ್ಪನೇ ಇಲ್ಲ ಅನ್ನಿ." ಹೌದು ಅಂದೆ. "ನಮ್ಮ ಕಾಲದಲ್ಲಿ ಇದು ಗೊತ್ತಿದ್ದಿದ್ರೆ ನಮ್ಮತ್ತೆ ಬಾಯಿ ಮುಚ್ಚಿಸಬಹುದಿತ್ತು" ಅಂದರು. ಅವರಿಗೆ ನಾಲ್ಕು ಹೆಣ್ಣು ಮಕ್ಕಳು.

ಈಗ ಲೆಕ್ಕದ ಪುಸ್ತಕ ಹೆಚ್ಚುಕಡಿಮೆ ಅವರ ಕೈಯಲ್ಲೇ ಇದೆ. ನಾನು ಹೊಲಕ್ಕೆ ಹೋದ ದಿನ ಯಾವ ಗೂಡು ಮುಚ್ಚಿತು, ಯಾವುದು ಒಡೆಯಿತು ಅಂತ ಗೋಡೆಯ ಮೇಲೆ ಇದ್ದಿಲಲ್ಲಿ ಗೆರೆ ಎಳೆದಿಡುತ್ತಾರೆ, ಅವರ ಗೆರೆಗಳು ನನ್ನ ತಾರೀಕಿಗಿಂತ ನಂಬಿಕಸ್ತ. ಹೋದ ವರ್ಷ ಜಗಲಿಯಲ್ಲಿ ಒಟ್ಟು 14 ಗೂಡು. ನಮ್ಮ ಬೀದಿಯಲ್ಲಿ ಬಸುರಿಯರು ಒಬ್ಬರೂ ಇರಲಿಲ್ಲ, ಅದನ್ನೇ ಎತ್ತಿ ತೋರಿಸಿದೆ.

"ಮೂಲೆ ಮನೆ ಎಮ್ಮೆ ಗಬ್ಬ ಆಗಿಲ್ವಾ?" ಅಂದರು ಅಜ್ಜಿ.